ಮೊದಲು ರೇಖೆ, ಅನಂತರ ಸೂತ್ರ

ಮರದ ದಿಮ್ಮಿಯೊಂದಕ್ಕೆ ಒಂದೇ ಕಡೆ ಎರಡು ಹಗ್ಗಗಳನ್ನು ಕಟ್ಟಿ, ಇಬ್ಬರು ಸಮಬಲದಿಂದ ಎಳೆಯುತ್ತಿರುವರೆಂದು ಭಾವಿಸೋಣ. ಹಗ್ಗಗಳ ನಡುವಣ ಕೋನ 120 ಡಿಗ್ರಿಯಾದರೆ ದಿಮ್ಮಿಯ ಮೇಲಿನ ಒಟ್ಟು ಬಲವೆಷ್ಟು? ತರಗತಿಯಲ್ಲಿ ಹೀಗೆ ಕೇಳಿದಾಗ ಅನೇಕರು ‘ಎರಡರಷ್ಟು’ ಎನ್ನುವರು. ಸೂತ್ರ ಬಲ್ಲವರು ಕೊಸೈನಿನ ಬೆಲೆ ಹಾಕಿ, ‘ಒಬ್ಬನ ಬಲದಷ್ಟೇ’ ಎಂದು ಸರಿಯಾಗಿ ಹೇಳುವರು. ಏಕೆಂದು ಕೇಳಿದರೆ ಅವರೂ ಮೌನ ತಾಳುವರು.

ದೋಷ ಅವರದಲ್ಲ, ಬೋಧಿಸುವ ನಮ್ಮದು. ಬಲಕ್ಕೆ ಪರಿಮಾಣದಂತೆ ದಿಕ್ಕೂ ಉಂಟು; ಇಂಥವನ್ನೇ ಸದಿಶಗಳೆನ್ನುವುದು. ದಿಕ್ಕನ್ನು ಕಣ್ಣಿಗೆ ಕಾಣಿಸುವುದು ರೇಖೆ. ಒಂದು ಬಿಂದುವಿನಿಂದ 120 ಡಿಗ್ರಿ ಕೋನದಲ್ಲಿ 5 ಸೆಂಟಿಮೀಟರಿನ ಎರಡು ರೇಖೆಗಳನ್ನೆಳೆದು, ಸಮಾಂತರ ಚತುರ್ಭುಜವನ್ನು ಪೂರ್ತಿಮಾಡಿ, ಆ ಬಿಂದುವಿನಿಂದ ಹೊರಡುವ ಕರ್ಣವನ್ನು ಅಳೆಯಿರಿ. ಅದೂ 5 ಸೆಂಟಿಮೀಟರೇ! ಕರ್ಣವು ಆಕೃತಿಯನ್ನು ಎರಡು ಸಮಬಾಹು ತ್ರಿಭುಜಗಳಾಗಿ ಸೀಳಿರುವುದೇ ಇದಕ್ಕೆ ಕಾರಣ. ಕೋನವನ್ನು 60 ಡಿಗ್ರಿಗಿಳಿಸಿದರೆ ಕರ್ಣ ಸುಮಾರು 8.7 ಸೆಂಟಿಮೀಟರಾಗುವುದು, 180ಕ್ಕೇರಿಸಿದರೆ ಫಲಿತ ಬಲ ಶೂನ್ಯ. ಎಳೆಯುವವರ ಬಲ ಅಷ್ಟೇ ಇದ್ದರೂ ಫಲ ಬೇರೆಬೇರೆ. ಬಲಗಳು ಅಸಮವಾದರೆ ಕರ್ಣವು ಹೆಚ್ಚಿನ ಬಲದತ್ತ ವಾಲುವುದು.

ನ್ಯೂಟನ್ನನು 1687ರ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಚಲನೆಯ ಮೂರು ನಿಯಮಗಳನ್ನು ಹೇಳಿದೊಡನೆಯೇ, ಮೊದಲನೆಯ ಉಪಪ್ರಮೇಯವಾಗಿ ಈ ಕರ್ಣವನ್ನೇ ಇರಿಸಿದನು.

ಸೂತ್ರ ಬೇಡವೆಂದು ನನ್ನ ವಾದವಲ್ಲ. ನಿಖರವಾದ ಉತ್ತರಕ್ಕೆ ಅದು ಬೇಕೇ ಬೇಕು. ಆದರೆ ಚಿತ್ರವಿಲ್ಲದ ಉತ್ತರಕ್ಕೆ ಪೂರ್ಣ ಅಂಕಗಳನ್ನು ಕೊಡುವ ವಾಡಿಕೆ ನಿಲ್ಲಬೇಕು. ನಾನೂ ಕೆಲವು ವರ್ಷ ಹಾಗೆ ಕೊಟ್ಟವನೇ. ಅಂಕ ಪಡೆದವರಲ್ಲಿ ಎಷ್ಟು ಮಂದಿಗೆ ವಿಷಯ ತಿಳಿದಿತ್ತೆಂಬುದನ್ನು ಮಾತ್ರ ನಾನು ಅಂದು ವಿಚಾರಿಸಲಿಲ್ಲ.