ಮುಕ್ತ ತಂತ್ರಾಂಶದ ಸೀಟು: ಹಂಚಿಕೆಯ ಲೆಕ್ಕ ಬಹಿರಂಗವಾಗಲಿ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಮಕ್ಕಳಿಗೆ ಇಂಟರ್ನ್‌ಶಿಪ್ ಎಂದರೆ ಬೆಂಗಳೂರಿನ ರೈಲು ಹತ್ತುವುದು ಎಂದೇ ಅರ್ಥ. ವಿಟಿಯು 2022ರ ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಪಿಜಿ ಬಾಡಿಗೆ, ಊಟದ ಖರ್ಚು ಮನೆಯವರ ಮೇಲೆ. ಅದನ್ನು ಭರಿಸಲಾಗದೆ, ಯಾವುದೋ ಸಂಸ್ಥೆಗೆ ಶುಲ್ಕ ಕಟ್ಟಿ ಪ್ರಮಾಣಪತ್ರವನ್ನಷ್ಟೇ ತರುವವರೂ ಇದ್ದಾರೆ. ಊರು ಬಿಡದೆ, ಜಗತ್ತೇ ಬಳಸುವ ತಂತ್ರಾಂಶಕ್ಕೆ ಕೆಲಸ ಮಾಡಿ, ಅದಕ್ಕೆ ಹಣವನ್ನೂ ಪಡೆಯುವ ದಾರಿಯೊಂದು 2005ರಿಂದ ಇದೆ: ಗೂಗಲ್ ಸಮ್ಮರ್ ಆಫ್ ಕೋಡ್. 18 ತುಂಬಿದ ವಿದ್ಯಾರ್ಥಿಗಳಿಗೆ, 2022ರಿಂದ ಮುಕ್ತ ತಂತ್ರಾಂಶಕ್ಕೆ ಹೊಸಬರಾದ ಇತರರಿಗೂ ಅದು ತೆರೆದಿದೆ. ಭಾರತದಲ್ಲಿದ್ದು 350 ಗಂಟೆಯ ದೊಡ್ಡ ಯೋಜನೆ ಮುಗಿಸಿದವರಿಗೆ ಸಿಗುವುದು 3,000 ಡಾಲರ್. ಅಡಿಕೆ, ತೆಂಗಿನ ದರವನ್ನೇ ನಂಬಿ ಮಕ್ಕಳನ್ನು ಓದಿಸುವ ಮನೆಗೆ ಇದು ಸಣ್ಣ ಮೊತ್ತವಲ್ಲ.

ಈ ಅವಕಾಶದ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಅರ್ಜಿಗೆ ಪ್ರಸ್ತಾವ ಬರೆಯುವುದು ಹೇಗೆ ಎಂಬುದರ ಸುತ್ತಲೇ ಇರುತ್ತದೆ. ಸೀಟು ಹಂಚುವುದು ಹೇಗೆ ಎಂದು ಕೇಳುವವರು ಕಡಿಮೆ. ಎಷ್ಟೋ ಮಕ್ಕಳ ಹಣೆಬರಹ ತೀರ್ಮಾನವಾಗುವುದು ಅಲ್ಲಿ.

ಗೂಗಲ್ ಸೀಟು ಕೊಡುವುದು ವಿದ್ಯಾರ್ಥಿಗೆ ನೇರವಾಗಿ ಅಲ್ಲ, ಸಂಸ್ಥೆಗಳಿಗೆ. ಅವುಗಳಲ್ಲಿ ಕೆಲವು ಮಾತೃಸಂಸ್ಥೆಗಳು. ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್, ನಮ್‌ಫೋಕಸ್, ಅಪಾಚೆಯಂಥವುಗಳ ನೆರಳಿನಲ್ಲಿ ಹತ್ತಾರು ಸ್ವತಂತ್ರ ಯೋಜನೆಗಳಿರುತ್ತವೆ. ಸ್ವಂತವಾಗಿ ಅರ್ಜಿ ಹಾಕುವ ಶಕ್ತಿಯಿಲ್ಲದ ಸಣ್ಣ ಯೋಜನೆಗೆ ಇದು ದೊಡ್ಡ ಆಸರೆ. ಪ್ರಸ್ತಾವಗಳು ಬಂದ ಮೇಲೆ ಪ್ರತಿ ಯೋಜನೆಯೂ ಅವನ್ನು ಓದಿ, ಶ್ರೇಣಿ ಕೊಟ್ಟು, ತನಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಸೀಟು ಬೇಕೆಂದು ಮಾತೃಸಂಸ್ಥೆಗೆ ತಿಳಿಸುತ್ತದೆ. ಮಾತೃಸಂಸ್ಥೆ ಅದನ್ನೆಲ್ಲ ಕೂಡಿಸಿ ಗೂಗಲ್ ಮುಂದಿಡುತ್ತದೆ. ಬರುವುದು ಸಾಮಾನ್ಯವಾಗಿ ಕೇಳಿದ್ದಕ್ಕಿಂತ ಕಡಿಮೆ.

ಉದಾಹರಣೆಗೆ, ಒಂದು ಮಾತೃಸಂಸ್ಥೆಯಡಿ ಹತ್ತು ಯೋಜನೆಗಳಿವೆ ಎನ್ನಿ. ಎಲ್ಲರ ಕನಿಷ್ಠ ಕೂಡಿದರೆ 12, ಗರಿಷ್ಠ ಕೂಡಿದರೆ 25. ಬಂದದ್ದು 15. ಮೊದಲು ಎಲ್ಲರಿಗೂ ಕನಿಷ್ಠ ಕೊಟ್ಟರೆ ಉಳಿಯುವುದು ಮೂರೇ ಸೀಟು. ಸಾವಿರಾರು ಬಳಕೆದಾರರಿರುವ ಯೋಜನೆ, ತನ್ನ ಬಳಿ ಎಂಟು ಉತ್ತಮ ಪ್ರಸ್ತಾವಗಳಿವೆ, ಮೂರನ್ನೂ ನನಗೇ ಕೊಡಿ ಎನ್ನುತ್ತದೆ. ಅದರಲ್ಲಿ ತಪ್ಪಿಲ್ಲ. ಆದರೆ ಹಂಚಿಕೆ ಮೊದಲಿನಿಂದಲೇ ಪ್ರಸ್ತಾವಗಳ ಸಂಖ್ಯೆಯ ಮೇಲೆ ನಡೆದರೆ ಒಂದೇ ಒಂದು ಪ್ರಸ್ತಾವ ಬಂದಿರುವ ಸಣ್ಣ ಯೋಜನೆ ಬರಿಗೈಯಲ್ಲಿ ಹೋಗುತ್ತದೆ. ಮುಂದಿನ ವರ್ಷ ಅದಕ್ಕೆ ಬರುವ ಮಕ್ಕಳೂ ಕಡಿಮೆ, ಕೈಹಿಡಿದು ಕಲಿಸುವ ಮೆಂಟರ್‌ಗಳೂ ಕಡಿಮೆ. ಆದ್ದರಿಂದ ಮೆಂಟರ್ ಸಿದ್ಧವಿರುವ, ಒಪ್ಪಬಹುದಾದ ಒಂದು ಪ್ರಸ್ತಾವ ಇರುವ ಪ್ರತಿ ಯೋಜನೆಗೂ ಮೊದಲ ಸೀಟು ಖಾತ್ರಿಯಾಗಬೇಕು, ಸ್ಪರ್ಧೆ ಎರಡನೆಯ ಸೀಟಿನಿಂದ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಭಾರತೀಯ ಭಾಷೆಗಳ ಕೆಲಸ ನೋಡಿದರೆ ಒಂದೊಂದು ಸೀಟಿನ ಬೆಲೆ ತಿಳಿಯುತ್ತದೆ. ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ 2013ರಲ್ಲಿ ಇದೇ ಕಾರ್ಯಕ್ರಮದಲ್ಲಿ ಮಾರ್ಗದರ್ಶಕ ಸಂಸ್ಥೆಯಾಗಿತ್ತು. ಆ ಬಳಗ ರೂಪಿಸಿದ ಇಂಡಿಕ್ ಕೀಬೋರ್ಡ್‌ನಲ್ಲಿ ಕನ್ನಡವೂ ಇದೆ. ಮಲಯಾಳಂಗಾಗಿ ಕಟ್ಟಿದ ಬಳಗದಿಂದ ಕನ್ನಡದ ಬೆರಳುಗಳಿಗೂ ಉಪಕಾರವಾಯಿತು. ಕನ್ನಡದ ಕಾಗುಣಿತ ತಿದ್ದುಗ, ಹಳೆಯ ಪುಸ್ತಕಗಳ ಪುಟ ಓದುವ ಓಸಿಆರ್, ದೃಷ್ಟಿದೋಷವುಳ್ಳವರಿಗೆ ಪಠ್ಯ ಓದಿ ಹೇಳುವ ತಂತ್ರಾಂಶ, ಇವೆಲ್ಲ ಅಂಥದೇ ಕೈಗಳಿಗಾಗಿ ಕಾಯುತ್ತಿವೆ. ಇವುಗಳಿಗೆ ಪ್ರಸ್ತಾವಗಳ ರಾಶಿ ಬೀಳುವುದಿಲ್ಲ. ರಾಶಿಯನ್ನೇ ಅಳತೆಗೋಲು ಮಾಡಿಕೊಂಡರೆ ಕನ್ನಡದ ಕೆಲಸ ಯಾವತ್ತೂ ಸಾಲಿನ ಕೊನೆಯಲ್ಲೇ ಉಳಿಯುತ್ತದೆ.

ಇಲ್ಲಿ ನಿಜವಾಗಿ ಕೊರತೆ ಇರುವುದು ಮೆಂಟರ್‌ಗಳ ಸಮಯಕ್ಕೆ. ಅವರಲ್ಲಿ ಬಹುತೇಕರು ಸಂಬಳದ ಕೆಲಸ ಮುಗಿಸಿ ರಾತ್ರಿ ಕೂತು ವಿದ್ಯಾರ್ಥಿಗಳ ಕೋಡ್ ನೋಡುವ ಸ್ವಯಂಸೇವಕರು. 2024ರಲ್ಲಿ ಸುಮಾರು 10 ಸಾವಿರವಿದ್ದ ಪ್ರಸ್ತಾವಗಳು 2025ರಲ್ಲಿ 23 ಸಾವಿರ ದಾಟಿದವು. ಆಯ್ಕೆಯಾದವರು ಮಾತ್ರ ಎರಡೂ ವರ್ಷ 1,200ರಿಂದ 1,300ರ ನಡುವೆಯೇ. ಎಐ ಬರೆದುಕೊಟ್ಟ ಪ್ರಸ್ತಾವಗಳೂ ಈಗ ಇದರಲ್ಲಿ ಸೇರಿವೆ. ಇಷ್ಟನ್ನು ಓದಬೇಕಾದ ಮೆಂಟರ್ ಸಹಜವಾಗಿಯೇ ಮೊದಲು ಹುಡುಕುವುದು ಪರಿಚಿತ ಹೆಸರನ್ನು: ಮೂರು ತಿಂಗಳಿಂದ ಸಣ್ಣಪುಟ್ಟ ದೋಷ ತಿದ್ದಿ ಕಳಿಸುತ್ತಿದ್ದವರು, ಪ್ರಶ್ನೆ ಕೇಳುತ್ತಿದ್ದವರು. ಐಐಟಿ, ಟ್ರಿಪಲ್ ಐಟಿಗಳಲ್ಲಿ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಈ ಗುಟ್ಟನ್ನು ಹಾಸ್ಟೆಲಿನಲ್ಲೇ ಹೇಳಿಕೊಡುತ್ತಾರೆ. ಅಜ್ಜಂಪುರದ ಹುಡುಗಿಗೆ ಹೇಳುವ ಹಿರಿಯರಿಲ್ಲ. ಮಾರ್ಚ್ ಕೊನೆಯಲ್ಲಿ ಪ್ರಕಟಣೆ ನೋಡಿ ಅರ್ಜಿ ಹಾಕುವ ಹೊತ್ತಿಗೆ ಸೀಟಿನ ಲೆಕ್ಕ ಮೆಂಟರ್‌ಗಳ ಮನಸ್ಸಿನಲ್ಲಿ ಮುಕ್ಕಾಲು ಮುಗಿದಿರುತ್ತದೆ.

ಸಣ್ಣ ಊರಿನವರೆಂದು ರಿಯಾಯಿತಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಲೆಕ್ಕ ಕಾಣಲಿ ಎಂದಷ್ಟೇ ಕೇಳುವುದು. ನೀರಿನ ಹಂಚಿಕೆಯನ್ನೇ ನೋಡಿ: ಭದ್ರಾ ಅಣೆಕಟ್ಟೆ ಇರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ನೀರಾವರಿ ಸಲಹಾ ಸಮಿತಿ ಸೇರಿ ನಾಲೆಗೆ ಎಷ್ಟು ದಿನ ನೀರು ಎಂದು ತೀರ್ಮಾನಿಸಿದರೆ ಅದು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ನೀರು ತಲುಪದ ಕೊನೆಭಾಗದ ರೈತ ಅದೇ ಅಂಕಿ ಹಿಡಿದು ಜಗಳವಾಡಬಲ್ಲ. ಮಾತೃಸಂಸ್ಥೆಗಳೂ ಯಾವ ಯೋಜನೆ ಎಷ್ಟು ಕೇಳಿತು, ಎಷ್ಟು ಪಡೆಯಿತು, ಯಾವ ನಿಯಮದಂತೆ ಎಂಬ ಪಟ್ಟಿಯನ್ನು ಪ್ರತಿ ವರ್ಷ ಹೊರಗಿಡಲಿ. ವಿದ್ಯಾರ್ಥಿಗಳ ಹೆಸರು ಬೇಡ, ಅಂಕಿ ಸಾಕು. ಅದನ್ನು ನೋಡಿದ ವಿದ್ಯಾರ್ಥಿನಿ ಮೆಂಟರ್ ಇದ್ದೂ ಅರ್ಜಿಗಳಿಲ್ಲದ ಯೋಜನೆಯ ಬಾಗಿಲು ತಟ್ಟುತ್ತಾಳೆ. ಜನಪ್ರಿಯ ಯೋಜನೆಯ ನೂರು ಜನರ ಸಾಲಿನಲ್ಲಿ ನಿಂತು ಬೇಸಿಗೆ ಕಳೆದುಕೊಳ್ಳುವುದಿಲ್ಲ.

ಗೂಗಲ್ ಕಡೆಗಷ್ಟೇ ನೋಡುತ್ತ ಕೂರಬೇಕಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ನೆರವಿನಲ್ಲಿ ಐಐಟಿ ಬಾಂಬೆಯ ಫಾಸ್ಸೀ ಯೋಜನೆ ಬೇಸಿಗೆ ಫೆಲೋಶಿಪ್ ನಡೆಸುತ್ತಿದೆ. ಸೈಲ್ಯಾಬ್, ಈಸಿಮ್‌ನಂಥ ಹಲವು ತಂತ್ರಾಂಶಗಳು ಅದರ ಸೂರಿನಡಿ ಇವೆ. ಪ್ರತಿಯೊಂದಕ್ಕೂ ಒಂದು ಕೆಲಸ ಕೊಟ್ಟು, ಅದನ್ನು ಮಾಡಿ ತೋರಿಸಿದವರನ್ನು ಆರಿಸುತ್ತಾರೆ. ಈ ಕ್ರಮದಲ್ಲಿ ಪರಿಚಯಕ್ಕಿಂತ ಕೆಲಸಕ್ಕೆ ತೂಕ ಹೆಚ್ಚು. ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಪದವಿ ಕಾಲೇಜುಗಳಿಗೆ ಆಸರೆಯಾದ ಕುವೆಂಪು ವಿಶ್ವವಿದ್ಯಾಲಯ ಕನ್ನಡ ತಂತ್ರಾಂಶಕ್ಕೆಂದೇ ಇಂಥದೊಂದು ಮಾತೃಸಂಸ್ಥೆ ಕಟ್ಟಬಹುದು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿದ್ದುಕೊಂಡು ಪೂರ್ಣಚಂದ್ರ ತೇಜಸ್ವಿಯವರು ‘ಕುವೆಂಪು’ ಕನ್ನಡ ತಂತ್ರಾಂಶಕ್ಕಾಗಿ ದುಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದಕ್ಕೆ ಜೊತೆಯಾಗಿತ್ತು. ಸಾಹಿತಿಯೊಬ್ಬರು ಹೊತ್ತುಕೊಂಡ ಹೊಣೆಯನ್ನು ವಿಶ್ವವಿದ್ಯಾಲಯವೊಂದು ಹೊರಲಾರದೇ?

ಆರಂಭಕ್ಕೆ ಹತ್ತು ಸೀಟು ಸಾಕು. ಕಾಗುಣಿತ, ಓಸಿಆರ್, ಪಠ್ಯ ಓದಿ ಹೇಳುವ ತಂತ್ರಾಂಶಕ್ಕೆ ತಲಾ ಒಂದು ಖಾತ್ರಿ, ಉಳಿದ ಏಳು ಸ್ಪರ್ಧೆಗೆ. ಬೆಂಗಳೂರಿನಲ್ಲಿ ದುಡಿಯುವ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಎಂಜಿನಿಯರುಗಳನ್ನು ವಾರಕ್ಕೆರಡು ಸಂಜೆ ಮೆಂಟರ್ ಆಗಲು ಕೇಳಬೇಕು. ಗೂಗಲ್ ಪ್ರಸ್ತಾವ ಕರೆಯುವುದು ಮಾರ್ಚ್‌ನಲ್ಲಿ. ನಮ್ಮ ಕಾಲೇಜುಗಳ ಲ್ಯಾಬ್‌ಗಳಲ್ಲಿ ಮೊದಲ ದೋಷ ತಿದ್ದುವ ಪಾಠ ನವೆಂಬರ್‌ನಲ್ಲೇ ಶುರುವಾಗಬೇಕು.