ಐದು ಸುತ್ತಿನ ಸಂದರ್ಶನ, ಆಮೇಲೆ ಮೌನ: ತಪ್ಪು ಅಭ್ಯರ್ಥಿಯದ್ದೇ?

ಅರ್ಜಿ ಹಾಕಿದ ಮೂರು ವಾರಕ್ಕೆ ಎಚ್.ಆರ್. ಕಡೆಯಿಂದ ಫೋನ್ ಬರುತ್ತದೆ. ನಂತರ ಆನ್‌ಲೈನ್ ಪರೀಕ್ಷೆ, ಎರಡು ತಾಂತ್ರಿಕ ಸುತ್ತು, ಮ್ಯಾನೇಜರ್ ಜೊತೆ ಮಾತುಕತೆ, ಕೊನೆಗೆ ಸಂಬಳದ ಚರ್ಚೆ. "ಎರಡು ದಿನದಲ್ಲಿ ತಿಳಿಸುತ್ತೇವೆ" ಎಂದವರು ಎರಡು ತಿಂಗಳಾದರೂ ತಿಳಿಸುವುದಿಲ್ಲ. ಮೇಲ್ ಕಳಿಸಿದರೆ ಉತ್ತರವಿಲ್ಲ. ಬೆಂಗಳೂರಿನಲ್ಲಿ ಕೆಲಸ ಹುಡುಕಿದ ಅನೇಕರಿಗೆ ಇದು ಹೊಸ ಕಥೆಯಲ್ಲ.

ಆಗ ನಮಗೆ ಮೊದಲು ಬರುವ ಯೋಚನೆ, "ನನ್ನಲ್ಲೇ ಏನೋ ಕೊರತೆ ಇದೆ" ಎಂಬುದು. ಈ ನಂಬಿಕೆ ಎಷ್ಟು ಸರಿ?

ಸಂದರ್ಶನ ಎಷ್ಟು ನಿಖರ?

ಆಯ್ಕೆ ವಿಧಾನಗಳು ಎಷ್ಟು ನಂಬಿಕಸ್ಥ ಎಂಬ ಬಗ್ಗೆ ದಶಕಗಳಿಂದ ಸಂಶೋಧನೆ ನಡೆದಿದೆ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಆ ಅಧ್ಯಯನಗಳನ್ನು ಒಟ್ಟುಗೂಡಿಸಿ ಮರುಲೆಕ್ಕ ಹಾಕಿದರು. ಆಯ್ಕೆಯಲ್ಲಿ ಪಡೆದ ಅಂಕಕ್ಕೂ ಮುಂದೆ ಕೆಲಸದಲ್ಲಿ ತೋರುವ ಸಾಧನೆಗೂ ಇರುವ ಸಂಬಂಧವನ್ನು 0ಯಿಂದ 1ರ ಅಳತೆಯಲ್ಲಿ ನೋಡಿದರೆ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಮಾನದಂಡದಲ್ಲಿ ಅಂಕ ಕೊಡುವ ಸಂದರ್ಶನಕ್ಕೆ ಸಿಕ್ಕಿದ್ದು 0.42. ಬಾಯಿಗೆ ಬಂದ ಪ್ರಶ್ನೆ ಕೇಳುವ ಹರಟೆಯಂಥ ಸಂದರ್ಶನಕ್ಕೆ ಕೇವಲ 0.19. ಅಂದರೆ ಅತ್ಯುತ್ತಮ ವಿಧಾನವೂ ಅರ್ಧದಷ್ಟು ದೂರ ಹೋಗುವುದಿಲ್ಲ.

2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗ ಇನ್ನೂ ಸ್ವಾರಸ್ಯಕರ. ವಿದ್ಯಾರ್ಥಿಗಳು ಬೇರೆ ವಿದ್ಯಾರ್ಥಿಗಳನ್ನು ಸಂದರ್ಶಿಸಿ, ಅವರ ಮುಂದಿನ ಅಂಕಗಳನ್ನು ಊಹಿಸಬೇಕಿತ್ತು. ಕೆಲವು ಸಂದರ್ಶನಗಳಲ್ಲಿ ಎದುರಿದ್ದವರು ಹೌದು-ಇಲ್ಲ ಪ್ರಶ್ನೆಗಳಿಗೆ ಮನಸ್ಸಿಗೆ ಬಂದಂತೆ ಉತ್ತರಿಸಲಿಲ್ಲ. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಉತ್ತರಿಸಿದರು. ಸಂದರ್ಶಕರಿಗೆ ಅದು ಗೊತ್ತೇ ಆಗಲಿಲ್ಲ. ಹಳೆಯ ಅಂಕಪಟ್ಟಿಯನ್ನಷ್ಟೇ ನೋಡಿದ್ದರೆ ಊಹೆ ಹೆಚ್ಚು ಸರಿಯಾಗಿರುತ್ತಿತ್ತು!

ಸುತ್ತು ಹೆಚ್ಚಾದರೆ ಆಯ್ಕೆ ಚೆನ್ನಾಗಿರುತ್ತದೆಯೇ?

ಗೂಗಲ್ ತನ್ನ ಹಳೆಯ ನೇಮಕಾತಿಗಳನ್ನು ಪರಿಶೀಲಿಸಿದಾಗ ನಾಲ್ಕು ಸಂದರ್ಶನಗಳೇ ಸಾಕೆಂದು ಕಂಡುಕೊಂಡಿತು. ಆಮೇಲಿನ ಪ್ರತಿ ಸಂದರ್ಶನದಿಂದ ನಿಖರತೆ ಹೆಚ್ಚುವುದು ಸುಮಾರು ಶೇ. 1ರಷ್ಟು ಮಾತ್ರ.

ಮೌನಕ್ಕೆ ಬೇರೆ ಕಾರಣಗಳೂ ಇವೆ

ಬಜೆಟ್ ನಿಂತಿರಬಹುದು, ಒಳಗಿನವರಿಗೇ ಆ ಹುದ್ದೆ ಸಿಕ್ಕಿರಬಹುದು. ನಮ್ಮ ಐಟಿ ಕ್ಷೇತ್ರದಲ್ಲಿ 90 ದಿನಗಳ ನೋಟಿಸ್ ಅವಧಿ ಸಾಮಾನ್ಯ. ಆಯ್ಕೆಯಾದವರು ಆ ಮೂರು ತಿಂಗಳಲ್ಲಿ ಬೇರೆಡೆ ಹೋಗಿಬಿಡಬಹುದೆಂಬ ಭಯ ಕಂಪನಿಗೆ. ಹಾಗಾಗಿ ಎರಡನೆಯವರಿಗೆ "ಇಲ್ಲ" ಎನ್ನದೆ ಕಾಯಿಸುವುದೂ ಉಂಟು.

ಪೂರ್ವಗ್ರಹವನ್ನೂ ಮರೆಯುವಂತಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತದ ಖಾಸಗಿ ಕಂಪನಿಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿಗಳು ಹೋಗಿದ್ದವು. ಬೇರೆಯಾಗಿದ್ದದ್ದು ಹೆಸರು ಮಾತ್ರ. ದಲಿತ ಮತ್ತು ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಕರೆ ಬಂದದ್ದು ಕಡಿಮೆ.

ಹಾಗಾದರೆ ನಾವೇನು ಮಾಡಬಹುದು?

• ಮೊದಲ ಕರೆಯಲ್ಲೇ ಎಷ್ಟು ಸುತ್ತು, ತೀರ್ಮಾನ ಯಾವಾಗ ಎಂದು ಕೇಳಿ.
• ಹೇಳಿದ ದಿನ ದಾಟಿದರೆ ಒಂದು ಮೇಲ್, ವಾರದ ನಂತರ ಇನ್ನೊಂದು. ಆಮೇಲೆ ಬೇರೆಡೆ ಹುಡುಕಿ.
• ಲಿಖಿತ ಆಫರ್ ಕೈಗೆ ಬರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.
• ಕೆಲಸ ಕೊಡಲು ಯಾರಾದರೂ ಹಣ ಕೇಳಿದರೆ ಅದು ಮೋಸ ಎಂದೇ ತಿಳಿಯಿರಿ.

ಪ್ರತಿ ಸಲವೂ ಒಂದೇ ಸುತ್ತಿನಲ್ಲಿ, ಉದಾಹರಣೆಗೆ ಕೋಡಿಂಗ್ ಪರೀಕ್ಷೆಯಲ್ಲೇ, ಸೋಲುತ್ತಿದ್ದರೆ ಆ ಭಾಗದ ತಯಾರಿ ಹೆಚ್ಚಿಸಬೇಕು ನಿಜ. ಆದರೆ ಕೊನೆಯ ಸುತ್ತು ಮುಗಿದ ಮೇಲಿನ ಮೌನದಿಂದ ನಮ್ಮ ಸಾಮರ್ಥ್ಯದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಅದನ್ನು ನೆಪಮಾಡಿ ಮನೆಯ ಮಕ್ಕಳನ್ನು ಹಂಗಿಸುವುದನ್ನಾದರೂ ನಾವು ಬಿಡಬಹುದು.