ಎಂಜಿನ್ನಿನ ಏರ್ ಫಿಲ್ಟರ್: ಎಣ್ಣೆಯೋ, ಕಾಗದವೋ?

ಟ್ರಾಕ್ಟರನ್ನು ಕೊಳ್ಳುವಾಗ ಅದರ ಅಶ್ವಶಕ್ತಿಯನ್ನೂ ಡೀಸೆಲ್ ಖರ್ಚನ್ನೂ ವಿಚಾರಿಸದ ಜಮೀನುದಾರರಿಲ್ಲ. ಅದು ಸೇವಿಸುವ ಗಾಳಿಯನ್ನು ವಿಚಾರಿಸುವವರು ವಿರಳ. ಒಂದು ಲೀಟರ್ ಡೀಸೆಲ್ ಉರಿಯಬೇಕಾದರೆ 10,000 ಲೀಟರಿಗೂ ಹೆಚ್ಚು ಗಾಳಿ ಎಂಜಿನ್ನಿನೊಳಗೆ ಹೋಗಬೇಕು. ಅದರೊಡನೆ ಹೊಕ್ಕ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿದ್ದು, ಅವು ಸಿಲಿಂಡರನ್ನೂ ಪಿಸ್ಟನ್ ರಿಂಗುಗಳನ್ನೂ ಅರದಂತೆ ಸವೆಸುತ್ತವೆ. ಟ್ರಾಕ್ಟರಿನ ಸಾಲ ತೀರುವುದಕ್ಕೆ ಮುಂಚೆಯೇ ಎಂಜಿನ್ ಬಿಚ್ಚಿಸಬೇಕಾಗಿ ಬರುವುದಕ್ಕೆ ಇದೂ ಒಂದು ಕಾರಣ.

ಆಯಿಲ್ ಬಾತ್ ಎಂದು ಹೆಸರಾದ ಎಣ್ಣೆಬಟ್ಟಲಿನ ಫಿಲ್ಟರಿನಲ್ಲಿ ಗಾಳಿಯು ನಡುಗೊಳವೆಯಿಂದ ಕೆಳಗಿಳಿದು, ಎಣ್ಣೆಯ ಮೇಲೆ ಥಟ್ಟನೆ ಹಿಂದಿರುಗುತ್ತದೆ. ಭಾರವಾದ ಧೂಳು ತಿರುಗಲಾರದೆ ಎಣ್ಣೆಗೆ ಬೀಳುತ್ತದೆ. ಉಳಿದುದು ಎಣ್ಣೆ ನೆನೆದ ತಂತಿಬಲೆಗೆ ಅಂಟುತ್ತದೆ. ಎಂಜಿನ್ ಮೆಲ್ಲಗೆ ತಿರುಗುವಾಗ ಸಣ್ಣ ಧೂಳು ನುಸುಳಿಹೋಗುವುದು ಇದರ ಕುಂದು. ಒಳ್ಳೆಯ ಕಾಗದದ ಫಿಲ್ಟರಾದರೋ, ವೇಗ ಹೇಗಿದ್ದರೂ ನೂರಕ್ಕೆ 99 ಪಾಲಿಗೂ ಹೆಚ್ಚು ಧೂಳನ್ನು ತಡೆಯುತ್ತದೆ. ಸೋಸುವ ಗುಣವೊಂದನ್ನೇ ನೋಡಿದರೆ ಕಾಗದವೇ ಮೇಲು; ಇದರಲ್ಲಿ ವಾದವಿಲ್ಲ.

ಆದರೆ ಧೂಳು ಎಲ್ಲೆಡೆಯೂ ಒಂದೇ ಬಗೆಯದಲ್ಲ. ಸಾರಕ್ಕಿ ಕೆರೆಯ ಬಳಿಯ ಜರಗನಹಳ್ಳಿ ಇಂದು ಬೆಂಗಳೂರಿನೊಳಗೆ ಸೇರಿಹೋಗಿದೆ. ಅಲ್ಲಿಯ ಕನಕಪುರ ರಸ್ತೆಯ ಮೇಲೆ 2017ರಿಂದ ಮೆಟ್ರೊ ರೈಲು ಓಡುತ್ತಿದೆ. ಅಂತಹ ಕಡೆ ಟ್ರಾಕ್ಟರಿಗೆ ಉಳುವ ಕೆಲಸವಿಲ್ಲ, ನೀರಿನ ಟ್ಯಾಂಕರ್ ಎಳೆಯುವ ಕೆಲಸ. ರಸ್ತೆಯ ಧೂಳು ಸಣ್ಣದು. ನಿಂತು ನಿಂತು ಸಾಗುವ ಎಂಜಿನ್ ಬಹಳ ಹೊತ್ತು ಮೆಲ್ಲಗೆ ತಿರುಗುತ್ತದೆ. ಹೊಸ ಕಾಗದ ಬೇಕಾದಾಗ ಅಂಗಡಿ ದೂರವಿಲ್ಲ. ಅಲ್ಲಿಗೆ ಕಾಗದವೇ ಯೋಗ್ಯ. ಅದೇ ರಸ್ತೆಯಲ್ಲಿ ಹಾರೋಹಳ್ಳಿಯನ್ನು ದಾಟಿ ಕನಕಪುರದ ಕಡೆಯ ರಾಗಿ ಕಣಕ್ಕೆ ಹೋದರೆ ಸಂಗತಿ ಬೇರೆ. ಒಕ್ಕಣೆಯ ಹೊಟ್ಟೂ ಕೆಮ್ಮಣ್ಣೂ ಕಾಗದದ ಮಡಿಕೆಗಳನ್ನು ಬೇಗನೆ ಮುಚ್ಚುತ್ತವೆ. ಎಂಜಿನ್ ಉಸಿರುಕಟ್ಟಿ ಕರಿಹೊಗೆ ಬಿಡುತ್ತದೆ. ಆಗ ಆಳು ಮಾಡುವುದೇನು? ಕಾಗದವನ್ನು ಟೈರಿಗೆ ಬಡಿಯುತ್ತಾನೆ, ಇಲ್ಲವೆ ಪಂಕ್ಚರ್ ಅಂಗಡಿಯಲ್ಲಿ ಬಿರುಸಾಗಿ ಗಾಳಿ ಊದಿಸುತ್ತಾನೆ. ಕಣ್ಣಿಗೆ ಕಾಣದಷ್ಟು ಹರಿದರೂ ಆ ಕಾಗದದಿಂದ ಪ್ರಯೋಜನವಿಲ್ಲ. ಎಣ್ಣೆಬಟ್ಟಲನ್ನಾದರೆ ಕಣದಾಚೆ ಧೂಳಿಲ್ಲದೆಡೆ ಬಿಚ್ಚಿ, ಕೆಸರನ್ನು ಡಬ್ಬಕ್ಕೆ ಸುರಿದು (ಹೊಲದ ಬದುವಿಗಲ್ಲ), ಹೊಸ ಎಣ್ಣೆ ತುಂಬಬಹುದು.

ಆದಕಾರಣ ಹಳೆಯ ಟ್ರಾಕ್ಟರಿನ ಎಣ್ಣೆಬಟ್ಟಲನ್ನು ಕಿತ್ತು ಕಾಗದ ಜೋಡಿಸಬೇಕೆಂಬ ಸಲಹೆಗೆ ಹಳ್ಳಿಯ ಜಮೀನುದಾರರು ಒಡಂಬಡಬೇಕಾಗಿಲ್ಲ. ಟರ್ಬೊ ಉಳ್ಳ ಹೊಸ ಎಂಜಿನ್ನುಗಳಿಗೆ ಕಾಗದವೇ ಬಂದಿರುತ್ತದೆ, ಅದನ್ನೂ ಬದಲಿಸಲಾಗದು. ಒಕ್ಕಣೆಯ ದಿನಗಳಲ್ಲಿ ಬಟ್ಟಲನ್ನು ಪ್ರತಿದಿನವೂ ನೋಡತಕ್ಕದ್ದು. ಎಣ್ಣೆಯು ಗುರುತಿನ ಗೆರೆಯನ್ನು ಮೀರಬಾರದು. ಮೀರಿದರೆ ಡೀಸೆಲ್ ಎಂಜಿನ್ ಅದನ್ನೇ ಹೀರಿ ಹಿಡಿತಕ್ಕೆ ಸಿಗದೆ ಓಡೀತು. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರಿದಿದ್ದರೆ ಎಣ್ಣೆಯೂ ವ್ಯರ್ಥ, ಕಾಗದವೂ ವ್ಯರ್ಥ. ಅದರ ಕ್ಲಿಪ್ಪು ಸಡಿಲವಾಗಿದ್ದರೆ ಬಿಗಿಯಲು ಒಂದು ಸ್ಕ್ರೂಡ್ರೈವರ್ ಸಾಕು.